ಎಂ42 ಟು ಸೋನಿ ಇ ಅಡಾಪ್ಟರ್: ಎಲ್ಲಾ ಛಲೋ ಐತಿ, ಕಾಲು ಮಿಲಿಮೀಟರ್ ಅಷ್ಟ ಕಮ್ಮಿ

ಪೂರ್ತಿ ಓದಾಕ ಪುರುಸೊತ್ತು ಇಲ್ಲದವ್ರಿಗೆ ಮೊದಲ ಹೇಳಿಬಿಡ್ತೀನಿ. ಆನ್‌ಲೈನ್‌ನಾಗ 890 ರೂಪಾಯಿಗೆ ತಗೊಂಡ ಎಂ42 ಟು ಸೋನಿ ಇ ಅಡಾಪ್ಟರ್ ಇದು, ಅಂದ್ರ ಎಂ42 ಅನ್ನೋ ಹಳೇ ಸ್ಕ್ರೂ ಲೆನ್ಸನ್ನ ಸೋನಿ ಕ್ಯಾಮೆರಾಕ್ಕ ಕೂಡಿಸೋ ಕೊಳವಿ. ಬ್ರಾಂಡ್ ಹೆಸರು ಹೇಳಂಗಿಲ್ಲ, ಯಾಕಂದ್ರ ಅದ ಮಾಲು ನಾಕೈದು ಹೆಸರಿನಾಗ ಮಾರಾಕತ್ತಾರ, ಹಾಕಿರೋ ಫೋಟೋ ಸೈತ ಒಂದ. ನನ್ನ ಕಡಿಂದ ಐದಕ್ಕ ಎರಡೂವರೆ ಸ್ಟಾರ್. ಹತ್ರ ನಿಂತು ಮುಖ, ಹೂವು, ಮಕ್ಕಳು ಅಂತ ತಗಿಯೋರಾದ್ರ ಸುಮ್ನ ತಗೋರಿ, ಏನೂ ಆಗಂಗಿಲ್ಲ. ವೈಡ್ ಲೆನ್ಸ್ ಇಟ್ಕೊಂಡವ್ರು, ಲೆನ್ಸಿನ ಮ್ಯಾಲೆ ಬರದಿರೋ ಮೀಟರ್ ಗುರುತು ನಂಬಿ ಫೋಕಸ್ ಇಡೋ ಹಳೇ ಚಟ ಇದ್ದವ್ರು ಮಾತ್ರ ಕೆಳಗಿಂದು ಓದಿ ಆಮ್ಯಾಲೆ ರೊಕ್ಕ ಹಾಕ್ರಿ.

ನಮ್ಮ ಮಾವ ಗಂಗಾವತಿಯಾಗ ರೀಲ್ ಕಾಲದಿಂದ ಸ್ಟುಡಿಯೋ ಇಟ್ಟಿದ್ರು, ಈಗ ಅದನ್ನ ಮುಚ್ಚಿ ಅದ ಜಾಗದಾಗ ಝೆರಾಕ್ಸ್ ಅಂಗಡಿ ಮಾಡ್ಯಾರ. ಹೋದ ವರ್ಷ ದೀಪಾವಳಿಗೆ ಹೋದಾಗ ಅಟ್ಟದ ಮ್ಯಾಲಿಂದ ಒಂದು ತಗಡಿನ ಪೆಟ್ಟಿಗಿ ಇಳಿಸಿ "ಅಳಿಯಾ, ಇವನ್ನ ನೀನ ಇಟ್ಕೋ, ನಮ್ಮ ಹುಡುಗ್ರಿಗೆ ಮೊಬೈಲ್ ಸಾಕು" ಅಂತ ಕೈಗೆ ಕೊಟ್ರು. ಒಳಗ ಝೆನಿಟ್ ಕ್ಯಾಮೆರಾ ಜೊತಿ ಬರತಿದ್ದ ರಶಿಯಾದ ಹೀಲಿಯೋಸ್ 44-2, ಅಂದ್ರ 58ಎಂಎಂ ಫೋಕಲ್ ಲೆಂತ್, ಎಫ್ 2 (ಬೆಳಕು ಬಿಡೋ ಕಿಂಡಿ ಅಳತಿ, ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು), ಅದರ ಜೊತಿ ಒಂದು 28ಎಂಎಂ, ಒಂದು 135ಎಂಎಂ. ಮೂರೂ ಎಂ42. 42 ಮಿಲಿಮೀಟರ್ ಅಗಲದ ಸ್ಕ್ರೂ, ಬಾಟ್ಲಿ ಮುಚ್ಚಳ ತಿರುವಿದಂಗ ತಿರುವಿ ಹಾಕೋದು. 135ಕ್ಕ ಸ್ವಲ್ಪ ಫಂಗಸ್ ಹತ್ತಿತ್ತು, ಉಳಿದೆರಡು ಗಾಜು ಅಗದಿ ಕ್ಲಿಯರ್.

ಆಗ ನನ್ನ ಹತ್ರ ಇದ್ದಿದ್ದು ನಿಕಾನ್ ಡಿಎಸ್ಎಲ್ಆರ್. ಅದಕ್ಕ ಒಂದು 250 ರೂಪಾಯಿ ರಿಂಗ್ ತರಿಸಿದೆ, ಒಳಗ ಗಾಜು ಪಾಜು ಏನೂ ಇಲ್ಲ, ಬರೇ ಒಂದು ಬಳಿ. ಮನ್ಯಾಗ ಮಗಳ ಫೋಟೋ ತಗದ್ರ ಏನ್ ಬಂತು ಅಂತೀರಿ, ರೆಪ್ಪಿ ಕೂದಲು ಒಂದೊಂದ ಎಣಿಸಬಹುದು. ಅದ ಹುರುಪಿನಾಗ ಜನವರಿಯಾಗ ಗವಿಮಠದ ಜಾತ್ರಿಗೆ ಅದನ್ನ ಹಾಕ್ಕೊಂಡು ಹೋದೆ. ತೇರು ಎಳಿಯೋ ಹೊತ್ತಿಗೆ ಆ ಮಂದಿಯೊಳಗ ಕಾಲಿಡಾಕ ಜಾಗ ಇಲ್ಲ, ಕ್ಯಾಮೆರಾ ತಲಿ ಮ್ಯಾಲೆ ಎತ್ತಿ ಹಿಡದು ನಲವತ್ತು ಫೋಟೋ ಹೊಡದೆ. ಮನಿಗೆ ಬಂದು ನೋಡಿದ್ರ ನನ್ನ ಮುಂದ ನಿಂತಿದ್ದ ಯಾರೋ ಪುಣ್ಯಾತ್ಮನ ಕಿವಿ ಒಂದ ಶಾರ್ಪ್, ಕಿವಿಯಾಗಿನ ಕೂದಲು ಸೈತ ಶಾರ್ಪ್, ತೇರು ಮಂಜಿನಾಗ ಹೋದಂಗ ಹೋಗಾಕತ್ತೈತಿ. ನಲವತ್ತೂ ಹಂಗ.

ಲೆನ್ಸ್ ಕೆಟ್ಟೈತಿ ಅನ್ಕೊಂಡಿದ್ದೆ. ಲೆನ್ಸ್ ಅಲ್ಲ, ಅಳತಿ. ಲೆನ್ಸ್ ಹೋಗಿ ಕೂಡ್ತೈತಲ್ಲ ಕ್ಯಾಮೆರಾದ ಆ ಲೋಹದ ಬಳಿ, ಅದರ ಮುಖದಿಂದ ಹಿಂದಿನ ಫಿಲ್ಮ್ ಇಲ್ಲಾ ಸೆನ್ಸರ್ ತನಕ ಇರೋ ದೂರಕ್ಕ ಫ್ಲಾಂಜ್ ಡಿಸ್ಟನ್ಸ್ ಅಂತಾರ. ಒಂದೊಂದು ಮೌಂಟಿಗೆ (ಲೆನ್ಸ್ ಕೂಡಿಸೋ ನಮೂನಿಗೆ) ಒಂದೊಂದು, ಮಿಲಿಮೀಟರಿನ ನೂರನೇ ಭಾಗದ ತನಕ ಪಕ್ಕಾ ಇರಬೇಕು. ಎಂ42ದು 45.46. ನಿಕಾನ್ ಎಫ್ ಮೌಂಟಿಂದು 46.5. ಅಂದ್ರ ದಪ್ಪನ ಇಲ್ಲದ ರಿಂಗ್ ಸಿಕ್ಕೈತಿ ಅಂತ ಇಟ್ಕೊಂಡ್ರೂ ನನ್ನ ಹೀಲಿಯೋಸ್ ಇರಬೇಕಾದ ಜಾಗಕ್ಕಿಂತ 1.04 ಮಿಲಿಮೀಟರ್ ಮುಂದ ಕುಂತಿರತೈತಿ. ಲೆನ್ಸ್ ಮುಂದ ಸರಿತಂದ್ರ ಫೋಕಸ್ ಹತ್ರಕ್ಕ ಬರತೈತಿ, ಫೋಕಸ್ ರಿಂಗ್ ತಿರುವಿದಾಗ ಒಳಗ ಆಗೋದೂ ಅದ. ಲೆನ್ಸಿನ ಫೋಕಲ್ ಲೆಂತ್ 58ನ್ನ 58ರಿಂದ ಗುಣಿಸಿ 1.04ರಿಂದ ಭಾಗಿಸ್ರಿ, 3,235 ಮಿಲಿಮೀಟರ್ ಬರತೈತಿ. ಇನ್ಫಿನಿಟಿಗೆ, ಅಂದ್ರ ಲೆನ್ಸಿನ ಅಗದಿ ದೂರದ ಗುರುತಿಗೆ, ಇಟ್ರೂ ಅದು ನೋಡೋದು ಮೂರೂಕಾಲು ಮೀಟರ್ ತನಕ ಅಷ್ಟ, ಅದರಾಚಿ ಗುಡ್ಡ ಇರಲಿ ತೇರಿರಲಿ ಎಲ್ಲಾ ಮಬ್ಬ. ಮಗಳ ಫೋಟೋ ಯಾಕ ಛಲೋ ಬಂತು, ಆ ಮನಷ್ಯಾನ ಕಿವಿ ಯಾಕ ಛಲೋ ಬಂತು ಅಂತ ಆಗ ತಿಳೀತು.

ರಾಯಚೂರಿನ್ಯಾಗ ನನ್ನ ದೋಸ್ತ ಒಬ್ಬ ಅದಾನ, ಅವನ ಹತ್ರ ಕ್ಯಾನನ್ ಡಿಎಸ್ಎಲ್ಆರ್. ಇಎಫ್ ಮೌಂಟಿಂದು 44, ನಮ್ಮ ಎಂ42ಕ್ಕಿಂತ 1.46 ಕಮ್ಮಿ, ಹಂಗಾಗಿ ಅಷ್ಟ ದಪ್ಪದ ಒಂದು ತೆಳ್ಳನ ಬಳಿ ಹಾಕಿದ್ರ ಇನ್ಫಿನಿಟಿ ಬರೋಬ್ಬರಿ ಬರತೈತಿ. ಅವ ಇದ ಹೀಲಿಯೋಸ್ ಹಾಕ್ಕೊಂಡು ಕೋಟಿ ಬುರುಜು ತಗದು ಕಳಿಸಿ "ನಿಂದ್ಯಾಕ ಬರಂಗಿಲ್ಲಲೇ" ಅಂತ ಕೇಳಿದ್ದ. ಬರೇ ಎರಡೂವರೆ ಮಿಲಿಮೀಟರ್ ಫರಕ್ ನೋಡ್ರಿ ಇಬ್ಬರ ಕ್ಯಾಮೆರಾಕ್ಕ.

ನಿಕಾನಿನವ್ರು 1959ರಾಗ ಎಫ್ ಮೌಂಟ್ ತಂದಾಗ ಒಳಗ ಕನ್ನಡಿ ಮ್ಯಾಲೆ ಕೆಳಗ ಆಡಾಕ ಜಾಗ ಬೇಕಿತ್ತು, ಎಸ್ಎಲ್ಆರ್ ಅಂದ್ರ ಅದಲ್ಲೇನು, ಲೆನ್ಸಿಗೂ ಫಿಲ್ಮಿಗೂ ನಡುವ ಕನ್ನಡಿ. ಅದಕ್ಕ ಹೆಚ್ಚುಕಮ್ಮಿ ಎಲ್ಲಾ ಕಂಪನಿದೂ 42ರಿಂದ 47ರ ಆಜುಬಾಜು ಅದಾವ, ಕ್ಯಾನನ್ ಎಫ್‌ಡಿ 42, ಮಿನೋಲ್ಟಾ ಎಂಡಿ 43.5, ಒಲಿಂಪಸ್ ಓಎಂ 46, ಪೆಂಟಾಕ್ಸ್ ಕೆ ಅಂತೂ ನಮ್ಮ ಎಂ42ದಷ್ಟ, 45.46. ಮಿರರ್‌ಲೆಸ್ ಬಂದ ಮ್ಯಾಲೆ ಕನ್ನಡಿ ಹೋತು, ಜಾಗಾನೂ ಉಳೀತು. 2010ರಾಗ ಬಂದ ಸೋನಿ ಇ ಮೌಂಟ್ 18 ಮಿಲಿಮೀಟರ್, ಫ್ಯೂಜಿ ಎಕ್ಸ್ 17.7, ಕ್ಯಾನನ್ ಆರ್‌ಎಫ್ 20. ಮಜಾ ಏನಂದ್ರ 46.5 ಇಟ್ಕೊಂಡು ನನ್ನನ್ನ ಜಾತ್ರ್ಯಾಗ ಹಾಳ್ ಮಾಡಿದ ಅದ ನಿಕಾನಿನವ್ರು 2018ರಾಗ ಝಡ್ ಮೌಂಟ್ ತಂದಾಗ 16ಕ್ಕ ಇಳಿಸಿಬಿಟ್ರು, ಇವೆಲ್ಲಕ್ಕಿಂತ ಗಿಡ್ಡದು. ಹಿಂಗಾಗಿ ಲೆಕ್ಕ ಭಾಳ ಸರಳ, ಲೆನ್ಸಿನ ಅಂಕಿಯೊಳಗ ಬಾಡಿ ಅಂಕಿ ಕಳೀರಿ, ಪ್ಲಸ್ ಉಳಿದ್ರ ಅಷ್ಟುದ್ದದ ಖಾಲಿ ಕೊಳವಿ ಸಾಕು, ಮೈನಸ್ ಬಂದ್ರ ಒಳಗ ಗಾಜಿರೋ ಅಡಾಪ್ಟರ್ ಬೇಕು, ಅಗ್ಗದ ಗಾಜು ಹಾಕಿದ್ರ ಛಲೋ ಲೆನ್ಸೂ ಕುಲಗೆಟ್ಟು ಹೋಗತೈತಿ. ಎಂ42ದು 45.46, ಸೋನಿದು 18, ಉಳಿದಿದ್ದು 27.46. ನೆನಪಿಟ್ಕೋರಿ ಈ 27.46ನ್ನ.

ನಿಕಾನ್ ಮಾರಿ ಸೆಕೆಂಡ್ ಹ್ಯಾಂಡ್ ಸೋನಿ ಎ7 ಮಾರ್ಕ್ 2 ತಗೊಂಡೆ, ಆಮ್ಯಾಲೆ ಈ ಅಡಾಪ್ಟರ್ ಆರ್ಡರ್ ಮಾಡಿದೆ. ನಾಕು ದಿನಕ್ಕ ಕೊಪ್ಪಳಕ್ಕ ಬಂತು, ಪ್ಯಾಕಿಂಗ್ ಛಲೋ ಇತ್ತು. ಕೈಯಾಗ ಹಿಡದ್ರ ತೂಕ ಐತಿ, ಅಲ್ಯೂಮಿನಿಯಂ ಮ್ಯಾಲೆ ಕರೀ ಬಣ್ಣ ನುಣ್ಣಗ, ಸ್ಕ್ರೂ ಬೆಣ್ಣಿಯೊಳಗ ಬೆರಳು ಹೋದಂಗ ಹೋಗತೈತಿ. ಕ್ಯಾಮೆರಾ ಕಡಿ ಸ್ವಲ್ಪ ಸಡ್ಲ, ಫೋಕಸ್ ರಿಂಗ್ ತಿರುವೋವಾಗ ಕಟ್ ಕಟ್ ಅಂತ ಕೂದಲೆಳೆಯಷ್ಟು ಅಲ್ಲಾಡತೈತಿ, ಅದನ್ನ ನಾ ತಲಿ ಕೆಡಿಸಿಕೊಳ್ಳಿಲ್ಲ. ಲೆನ್ಸ್ ತಿರುವಿ ಬಿಗಿ ಆದಾಗ ಗುರುತಿನ ಗೆರಿ ಮ್ಯಾಲೆ ಬರಲಾರದ ಪಕ್ಕಕ್ಕ ಬಂತು, ಅದಕ್ಕಂತ ಸುತ್ತ ಮೂರು ಸಣ್ಣ ಸ್ಕ್ರೂ ಕೊಟ್ಟಾರ, ಸಡಲ ಮಾಡಿ ತಿರುವಿ ಬಿಗಿ ಮಾಡಿದ್ರ ಆತು. ಹೀಲಿಯೋಸ್ ಹಾಕಿ ಒಂದು ಕೂಸಿನ ನಾಮಕರಣ, ಒಂದು ಲಗ್ನದ ಅರಿಶಿಣ ಶಾಸ್ತ್ರ ಮುಗಿಸಿದೆ, ಫೋಟೋ ನೋಡಿದವ್ರೆಲ್ಲಾ ಯಾವ ಲೆನ್ಸು ಅಂತ ಕೇಳಿದ್ರು. ಅಲ್ಲಿ ತನಕ ಇದು ಐದು ಸ್ಟಾರ್ ಮಾಲು.

ಆಮ್ಯಾಲೆ ಒಂದು ಐತವಾರ ಇಟಗಿಗೆ ಹೋದ್ವಿ, ಮಹಾದೇವ ಗುಡಿಗೆ. 28ಎಂಎಂ ಹಾಕಿದ್ದೆ. ಮಾವನ ಕಾಲದ ಪದ್ಧತಿ, ದೂರದ್ದು ತಗಿಯೋವಾಗ ರಿಂಗ್ ಇನ್ಫಿನಿಟಿಗೆ ತಿರುವಿ ಬಿಟ್ಟು ಸುಮ್ನ ಕ್ಲಿಕ್ ಮಾಡ್ಕೊಂತ ಹೋಗೋದು. ಹೊರಗಿಂದ ಗುಡಿ ಪೂರ್ತಿ ತಗದೆ, ಶಿಖರ ತಗದೆ, ಮಂಟಪದ ಕಂಬದ ಸಾಲು ತಗದೆ, ಒಳಗ ಕತ್ತಲ ಅಂತ ಎಫ್ 4 ಇಟ್ಟಿದ್ದೆ, ಹೊರಗ ಬಂದ ಮ್ಯಾಲೂ ಅದನ್ನ ಬದಲಿ ಮಾಡಲಿಲ್ಲ. ಬಿಸಿಲಿನ್ಯಾಗ ಹಿಂದಿನ ಸ್ಕ್ರೀನ್ ಕಾಣಂಗಿಲ್ಲ, ಕಂಡಷ್ಟಕ್ಕ ಛಲೋ ಅನಿಸಿತು. ಮನ್ಯಾಗ ಕಂಪ್ಯೂಟರಿಗೆ ಹಾಕಿದ್ರ ಒಂದೂ ಶಾರ್ಪ್ ಇಲ್ಲ. ನಿಕಾನ್ ರಿಂಗಿನಾಗ ಹತ್ರದ್ದಾದ್ರೂ ಶಾರ್ಪ್ ಇತ್ತು, ಇಲ್ಲಿ ಹತ್ರದ ಕಂಬಾನೂ ಇಲ್ಲ, ದೂರದ ಶಿಖರಾನೂ ಇಲ್ಲ, ಎಲ್ಲಾದರ ಮ್ಯಾಲೂ ಒಂದು ತೆಳ್ಳನ ಸೆರಗು ಹೊಚ್ಚಿದಂಗ.

ಮರುದಿನ ಮಾಳಿಗಿ ಮ್ಯಾಲೆ ಟ್ರೈಪಾಡ್ ಇಟ್ಟು ಕೋಟಿ ಗುಡ್ಡಕ್ಕ ಹಿಡದೆ, ಸ್ಕ್ರೀನ್ ದೊಡ್ಡದು ಮಾಡಿ ಮೆಲ್ಲಕ ರಿಂಗ್ ತಿರುವಿದೆ. ಗುಡ್ಡದ ಮ್ಯಾಲಿನ ಗ್ವಾಡಿ ಕಲ್ಲು ಒಂದೊಂದ ಎದ್ದು ಕಂಡಿದ್ದು ಯಾವಾಗ ಅಂದ್ರ 28ಎಂಎಂ ಲೆನ್ಸಿನ ಗುರುತು 3 ಮೀಟರಿಗೆ ಬಂದಾಗ! ಅಲ್ಲಿಂದ ಇನ್ಫಿನಿಟಿ ತನಕ ತಿರುವಿದಷ್ಟೂ ಮಬ್ಬ ಆಗ್ತಾ ಹೋತು. ಹೀಲಿಯೋಸಿನಾಗೂ ಹಂಗ, ಇನ್ಫಿನಿಟಿ ಗುರುತಿಗೆ ಮುಟ್ಟೋದಕ್ಕಿಂತ ಮುಂಚೇನ ಗುಡ್ಡ ಬಂದು ಹೋತು. 135ದಾಗ ಮಾತ್ರ ಫರಕ್ ಗೊತ್ತಾಗಲಿಲ್ಲ. ಅಂದ್ರ ಈ ಅಡಾಪ್ಟರ್ ಗಿಡ್ಡ ಐತಿ, ಲೆನ್ಸು ಇರಬೇಕಾದ್ದಕ್ಕಿಂತ ಹಿಂದ ಕುಂತೈತಿ, ಇನ್ಫಿನಿಟಿ ದಾಟಿ ಆಚಿ ಹೋಗಾಕತ್ತೈತಿ.

ಕಸ್ಟಮರ್ ಕೇರಿಗೆ ಬರದೆ. ಅವ್ರು ಮೊದಲ ಮೂರು ಸಲ ಲೆನ್ಸ್ ಒರಸಿ ನೋಡ್ರಿ ಅಂದ್ರು, ನಾಕನೇ ಸಲ ಒಬ್ಬ ಶಾಣ್ಯಾ ಸಿಕ್ಕ, ಬಿಸಿಲಿಗೆ ಲೋಹ ಹಿಗ್ಗತೈತಿ ಅಂತ ಬೇಕಂತಲೇ ಸ್ವಲ್ಪ ಗಿಡ್ಡ ಮಾಡಿರತೀವಿ ಸರ್ ಅಂದ. ಕೊಪ್ಪಳದ ಬಿಸಿಲು ಕಂಡವ್ರು ಯಾರಾದ್ರೂ ಹೌದು ಅನ್ನಬೇಕು ಅಂಥಾ ಮಾತು. ನಾನೂ ಒಂದು ತಾಸು ನಂಬಿದ್ದೆ. ಆಮ್ಯಾಲೆ ಲೆಕ್ಕ ಹಾಕಿದ್ರ 27 ಮಿಲಿಮೀಟರ್ ಅಲ್ಯೂಮಿನಿಯಂ 25 ಡಿಗ್ರಿಯಿಂದ 45 ಡಿಗ್ರಿಗೆ ಏರಿದ್ರ ಹಿಗ್ಗೋದು ಸುಮಾರು 0.012 ಮಿಲಿಮೀಟರ್. ಇವ್ರು ಕಮ್ಮಿ ಮಾಡಿದ್ದು ಅದರ ಇಪ್ಪತ್ತು ಪಟ್ಟು. ಖರೆ ಕಾರಣ ಬ್ಯಾರೆ ಐತಿ, ಉದ್ದ ಆದ್ರ ಇನ್ಫಿನಿಟಿ ಬರಂಗೇ ಇಲ್ಲ, ಗಿರಾಕಿ ವಾಪಸ್ ಕಳಿಸ್ತಾನ. ಗಿಡ್ಡ ಆದ್ರ ಇನ್ಫಿನಿಟಿ ಎಲ್ಲೋ ಒಂದು ಕಡಿ ಸಿಕ್ಕ ಸಿಗತೈತಿ, ಗಿರಾಕಿ ಖುಷಿಯಾಗಿ ಐದು ಸ್ಟಾರ್ ಒತ್ತತಾನ. ಆ ಮಾಲಿನ ಕೆಳಗ "ಇನ್ಫಿನಿಟಿ ಬರುತ್ತೆ, ಸೂಪರ್" ಅಂತ ಎಷ್ಟು ಮಂದಿ ಬರದಾರ ನೋಡ್ರಿ.

ಇಪ್ಪತ್ತು ಪಟ್ಟು ಅಂತ ಹೆಂಗ ಗೊತ್ತಾತು ಅಂದ್ರ, ನಮ್ಮ ಓಣಿಯಾಗ ಒಬ್ರು ಕಾಕಾ ಅದಾರ, ಲೇತ್ ಅಂಗಡಿ, ಗಿಣಿಗೇರಿ ಕಡಿ ಫ್ಯಾಕ್ಟರಿಗಳ ಬುಶ್, ಶಾಫ್ಟು ಎಲ್ಲಾ ಅವ್ರ ಹತ್ರ ಬರತಾವ. ನಾ ನನ್ನ ಪ್ಲಾಸ್ಟಿಕ್ ವರ್ನಿಯರ್ ತಗೊಂಡು ಹೋಗಿದ್ದೆ, ಅವ್ರು ಅದನ್ನ ನೋಡಿ "ಇದು ಸಾಲಿ ಹುಡುಗ್ರ ಆಟಿಗಿ, ಒಳಗಿಡು" ಅಂದು ಮರದ ಡಬ್ಬಿಯಿಂದ 25ರಿಂದ 50ರ ಮೈಕ್ರೋಮೀಟರ್ ತಗದ್ರು. ಕೈ ಒರಿಸಿಕೊಂಡ್ರು, ಅಡಾಪ್ಟರ್ ಒರಿಸಿದ್ರು, ಎಲ್ಲಿಂದ ಎಲ್ಲಿಗೆ ಅಂತ ಕೇಳಿದ್ರು. ಇಲ್ಲಿ ಭಾಳ ಮಂದಿ ತಪ್ಪತಾರ, ಕ್ಯಾಮೆರಾದೊಳಗ ಹೋಗೋ ಮೂರು ಕಿವಿ ಹಿಡದು ಒಟ್ಟು ಉದ್ದ ಅಳಿಯೋದಲ್ಲ, ಲೆನ್ಸ್ ಬಂದು ಕೂಡೋ ಮುಖದಿಂದ ಕ್ಯಾಮೆರಾದ ಬಳಿಗೆ ತಾಗೋ ಮುಖದ ತನಕ ಅಷ್ಟ. ನಾಕು ಕಡಿ ಅಳದ್ರು. 27.18, 27.20, 27.24, 27.21. "ಎಷ್ಟಿರಬೇಕು ತಮ್ಮಾ?" "27.46 ಕಾಕಾ." ಒಂದು ಸಲ ನನ್ನ ಮುಖ ನೋಡಿದ್ರು, ಒಂದು ಸಲ ಅಡಾಪ್ಟರ್ ನೋಡಿದ್ರು. "ಇಟಗಿಗೆ ಹೋಗಿದ್ದೆ ಅಂದಿ. ಅಲ್ಲಿ ಕಂಬ ನೋಡಿದಿಲ್ಲ, ಕಲ್ಲು ತಿರುವಿ ಕಡದಾರ, ಒಂಬೈನೂರು ವರ್ಷ ಆತು. ಇವ್ರಿಗೆ ಮಷೀನ್ ಇದ್ದು ಅಲ್ಯೂಮಿನಿಯಂ ತಿರುವಾಕ ಬರವಲ್ದು." (ಗುಡಿ ಕಟ್ಟಿಸಿದ್ದು 1112ರಾಗ, ಕಾಕಾನ ಲೆಕ್ಕ ಬರೋಬ್ಬರಿ ಐತಿ.)

ಕಾಲು ಮಿಲಿಮೀಟರ್ ಅಂದ್ರ ಏನ್ ಮಹಾ ಅನಿಸಬಹುದು. 28ಎಂಎಂಗೆ ಅದು ಇನ್ಫಿನಿಟಿನ್ನ 3 ಮೀಟರ್ ಗುರುತಿಗೆ ಎಳಕೊಂಡು ಬರತೈತಿ, 58ಕ್ಕ ಹದಿಮೂರು ಹದಿನಾಕು ಮೀಟರಿಗೆ, 135ಕ್ಕ ಎಪ್ಪತ್ತು ಮೀಟರ್ ದಾಟಿ, ಅದಕ್ಕ ಅದರಾಗ ಗೊತ್ತಾಗಲಿಲ್ಲ. ಹೀಲಿಯೋಸಿನಾಗ 3 ಮೀಟರ್ ಅಂತ ಇಟ್ರ ಖರೆ ಫೋಕಸ್ ಬೀಳೋದು 3.8ರ ಹತ್ರ, 5 ಅಂತ ಇಟ್ರ ಹೆಚ್ಚುಕಮ್ಮಿ 8ಕ್ಕ. ಸ್ಕ್ರೀನ್ ನೋಡಿ ಫೋಕಸ್ ಮಾಡೋರಿಗೆ ಇದರಿಂದ ಏನೂ ತ್ರಾಸಿಲ್ಲ, ನಾಮಕರಣದಾಗ ನನಗೂ ಆಗಿರಲಿಲ್ಲ.

ರಿಪ್ಲೇಸ್‌ಮೆಂಟ್ ಕೇಳಿದೆ, ತಕರಾರಿಲ್ಲದ ಕೊಟ್ರು, ಅದಕ್ಕ ಅರ್ಧ ಸ್ಟಾರ್ ಅವ್ರಿಗೆ. ಹೊಸದು ಕಾಕಾನ ಮೈಕ್ರೋಮೀಟರಿಗೆ ಹಿಡದ್ರ 27.33. ಒಂದ ಕಂಪನಿ, ಒಂದ ನಮೂನಿ ಡಬ್ಬಿ, ಎರಡರ ನಡುವ 0.12 ಫರಕ್, ಲಾಟರಿ ಇದು. ಹಳೇದನ್ನ ಕೊಟ್ಟು ಕಳಿಸಿ ಇದನ್ನ ಇಟ್ಕೊಂಡೆ, ಬೇಕಾಗಿದ್ದು ಇನ್ನ 0.13.

ಒಳಗ ಪದರ ಕೊಡಬೇಕು. ಕ್ಯಾಮೆರಾ ಕಡಿ ಬಳಿಗೆ ನಾಕು ಸ್ಕ್ರೂ ಅದಾವ, ಬಿಚ್ಚಿದ್ರ ಬಳಿ ಬ್ಯಾರೆ ಕೊಳವಿ ಬ್ಯಾರೆ ಆಗತೈತಿ, ನಡುವ ಏನಾದ್ರೂ ತೆಳ್ಳಂದು ಹಾಕಿದ್ರ ಅಷ್ಟು ಉದ್ದ ಆತು. ಸ್ಕ್ರೂ ತಲಿ ಭಾಳ ಮೆತ್ತಗ, ಒಂದು ನನ್ನ ಕೈಯಾಗ ಸವದು ಹೋತು, ಛಲೋ ಡ್ರೈವರ್ ಇಲ್ಲದ ಕೈ ಹಚ್ಚಬ್ಯಾಡ್ರಿ. ಮನ್ಯಾಗಿದ್ದ ಲಗ್ನಪತ್ರಿಕಿ ಅಳದೆ, 0.31, ದಪ್ಪ ಆತು. ಎ4 ಹಾಳಿ 0.10. ಖುಷಿಯಾಗಿ ಹಾಳಿ ಕತ್ತರಿಸಿ ಬಳಿ ಮಾಡಿಕೊಂಡು ಕಾಕಾಗ ತೋರಿಸಾಕ ಹೋದ್ರ ಬೈಸಿಕೊಂಡೆ. "ಕಾಗದ ಇವತ್ತು ಒಂದಳತಿ, ಬಿಗಿ ಮಾಡಿದ ಮ್ಯಾಲೆ ಒಂದಳತಿ, ಮಳಿಗಾಲಕ್ಕ ಇನ್ನೊಂದು" ಅಂದ್ರು, ಮೂಲ್ಯಾಗ ಸುತ್ತಿಟ್ಟಿದ್ದ ಹಿತ್ತಾಳಿ ಶಿಮ್ ಶೀಟ್ ತಗದು, ಕತ್ತರಿಲೆ ಬಳಿ ಕತ್ತರಿಸಿ, ಅಂಚಿನ ಮುಳ್ಳು ಎಣ್ಣಿ ಕಲ್ಲಿಗೆ ತಿಕ್ಕಿ ಕೂಡಿಸಿದ್ರು. 0.10ದ್ದು. ಈಗ 27.43. "ಇನ್ನ ಮೂರು ಪಾಯಿಂಟ್ ಕಮ್ಮಿ ಬಿಟ್ಟೀನಿ, ಬಿಸಿಲಿಗೆ ಹಿಗ್ಗತೈತಿ ಅಂತಾನಲ್ಲ ನಿನ್ನ ಕಂಪನಿಯವ, ಅವಂಗಿರಲಿ ಅಷ್ಟು."

ಮುಂದಿನ ವಾರ ಅಂಜನಾದ್ರಿಗೆ ಹೋಗಿ ಕೆಳಗಿಂದ 28ಎಂಎಂನಾಗ ಗುಡ್ಡ ತಗದೆ, ರಿಂಗ್ ಇನ್ಫಿನಿಟಿ ಗುರುತಿಗಿಂತ ಕೂದಲೆಳೆ ಹಿಂದ ಇಟ್ಟು. ಮೆಟ್ಲಿನ ಬಿಳಿ ಗೆರಿ ಮ್ಯಾಲಿನ ಗುಡಿ ತನಕ ಕಡದಿಟ್ಟಂಗ ಬಂದೈತಿ.

ಇನ್ನೊಂದು ಕೊರತಿ ಐತಿ, ಕೊಳವಿ ಒಳಗಿನ ಕರೀ ಬಣ್ಣ ಮಿಂಚತೈತಿ, ಎದುರು ಬಿಸಿಲಿದ್ರ ಫೋಟೋ ಮ್ಯಾಲೆ ಹಾಲು ಚೆಲ್ಲಿದಂಗ ಆಗತೈತಿ. ದರ್ಜಿ ಹತ್ರ ಕರೀ ಮಖಮಲ್ ತುಂಡು ಇಸಗೊಂಡು ಒಳಗ ಅಂಟಿಸಿದೆ, ಮುಕ್ಕಾಲು ಪಾಲು ಕಮ್ಮಿ ಆತು. ಅಂಟು ಜಾಸ್ತಿ ಹಚ್ಚಬ್ಯಾಡ್ರಿ, ಕಿತ್ತು ಸೆನ್ಸರ್ ಮ್ಯಾಲೆ ಬಿದ್ರ ಅದೊಂದು ಕಥಿ.

ಹೊಸದಾಗಿ ತಗೊಳ್ಳೋರಿಗೆ, ಹಾಕಿದ ಕೂಡಲೇ ಕ್ಯಾಮೆರಾ ಕ್ಲಿಕ್ ಆಗವಲ್ದು ಅಂತ ಗಾಬರಿ ಆಗಬ್ಯಾಡ್ರಿ, ಅಡಾಪ್ಟರಿಗೆ ಕರೆಂಟಿನ ಕಾಂಟ್ಯಾಕ್ಟ್ ಇಲ್ಲ, ಲೆನ್ಸ್ ಐತಿ ಅಂತ ಬಾಡಿಗೆ ತಿಳಿಯಂಗಿಲ್ಲ, ಮೆನುವಿನಾಗ ಲೆನ್ಸ್ ಇಲ್ಲದನೂ ಶಟರ್ ಬಿಡೋ ಆಪ್ಷನ್ ಆನ್ ಮಾಡ್ರಿ. ಸ್ಟೆಡಿಶಾಟ್ (ಕೈ ನಡುಗಿದ್ರ ಸರಿ ಮಾಡೋದು) ಮ್ಯಾನುವಲ್ಲಿಗೆ ಹಾಕಿ 58ಓ 28ಓ ನೀವ ಹೇಳಬೇಕು, ಲೆನ್ಸ್ ಬದಲಿಸಿದಾಗ ಅದನ್ನೂ ಬದಲಿಸಬೇಕು, ನಾ ಹತ್ತರಾಗ ಏಳು ಸಲ ಮರೀತೀನಿ. ಮತ್ತ 42 ಮಿಲಿಮೀಟರ್ ಸ್ಕ್ರೂ ಅಂದ್ರ ಎಲ್ಲಾ ಎಂ42 ಅಲ್ಲ, ಟೆಲಿಸ್ಕೋಪಿಗೆ ಬರೋ ಟಿ2 ಅಂತ ಐತಿ, ಅಗಲ ಅಷ್ಟ ಆದ್ರ ಹಲ್ಲು ಸಣ್ಣವು, ಎಂ42ಕ್ಕ 1 ಮಿಲಿಮೀಟರಿಗೆ ಒಂದು ಹಲ್ಲು, ಟಿ2ಕ್ಕ 0.75ಕ್ಕ ಒಂದು. ಒಂದು ಸುತ್ತು ಹೋಗಿ ಬಿಗಿ ಆದ್ರ ಅಲ್ಲಿಗೆ ನಿಲ್ಲಿಸ್ರಿ, ಜೋರ್ ಮಾಡಿದ್ರ ಎರಡೂ ಹೋದವು.

ಕಾಕಾಗ ರೊಕ್ಕ ಕೊಡಾಕ ಹೋದೆ, ತಗೊಳ್ಳಿಲ್ಲ, "ಲೇತಿನ ಜೊತಿ ನಂದೊಂದು ಫೋಟೋ ತಗದು ಕೊಡು" ಅಂದ್ರು. ಅವತ್ತ ಸಂಜಿಮುಂದ ಹೀಲಿಯೋಸ್ ಹಾಕಿ ಎಫ್ 2ದಾಗ ತಗದೆ, ಕಾಕಾ ಲೇತ್ ಮ್ಯಾಲೆ ಕೈ ಇಟ್ಟು ನಿಂತಾರ, ಹಿಂದ ತೆರದ ಶಟರಿನಾಚಿ ಬೇವಿನ ಗಿಡ, ಈ ಲೆನ್ಸಿನ ಖಯಾಲಿ ಗೊತ್ತಲ್ಲ, ಹಿಂದಿನ ಎಲಿ ಎಲ್ಲಾ ಸುಳಿ ಸುತ್ತಿದಂಗ ಬಂದೈತಿ. ಕಾಕಾ ಕನ್ನಡಕ ಏರಿಸಿ ಭಾಳ ಹೊತ್ತು ನೋಡಿದ್ರು. "ಎಲ್ಲಾ ಬರೋಬ್ಬರಿ ಐತಿ ತಮ್ಮಾ, ಆದ್ರ ಲೇತ್ ಬಂದ್ ಇತ್ತಲ್ಲ, ಗಿಡ ಯಾಕ ತಿರಗಾಕತ್ತೈತಿ?"